ರೀ ಅಂದರೆ ಎಷ್ಟು ದೂರ?

ಕೊರಿಯಾ ದೇಶದ ಒಂದು ಘಾಟಿನಲ್ಲಿ, ಹಾದಿ ಬದಿಯ ಕಲ್ಲಿನ ಮೇಲೆ, ನಾನು ಒಂದು ತಾಸು ಹತ್ತು ನಿಮಿಷ ಸುಮ್ಮನೆ ಕೂತಿದ್ದೆ. ದಣಿದಿರಲಿಲ್ಲ, ದಾರಿ ತಪ್ಪಿರಲಿಲ್ಲ, ಕಾಲೂ ಉಳುಕಿರಲಿಲ್ಲ. ನಾನು ಹಾಗೆ ಕೂತದ್ದಕ್ಕೆ ಕಾರಣ ಕನ್ನಡ ಎಂದು ಹೇಳಿದರೆ ನಮ್ಮ ಕಚೇರಿಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ಅದಕ್ಕೇ ಬರೆದು ಇಡುತ್ತಿದ್ದೇನೆ.

ಜೇವರ್ಗಿ

ಆಗ ನಾನು ಜೇವರ್ಗಿಯಲ್ಲಿ ರಸ್ತೆ ಕೆಲಸದ ಓವರ್ಸಿಯರ್. ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಮಣ್ಣೂರು. ಸೋಲ್ ಪಟ್ಟಣದಲ್ಲಿ ಒಲಿಂಪಿಕ್ಸ್ ಮುಗಿದ ಮರುವರ್ಷ, ಹಳ್ಳಿ ರಸ್ತೆಗಳ ತರಬೇತಿಗೆ ಒಬ್ಬರನ್ನು ಕಳಿಸಿರಿ ಎಂದು ಆ ದೇಶದಿಂದ ಪತ್ರ ಬಂತು. ಮೇಲಿನ ಸಾಹೇಬರಿಗೆ ಮಗಳ ಮದುವೆ. ಅವರ ಕೆಳಗಿನವರಿಗೆ ಸಕ್ಕರೆ ಕಾಯಿಲೆ. ಅವರ ಕೆಳಗಿನವರಿಗೆ ವಿಮಾನ ಎಂದರೆ ಎದೆ ಡವಡವ. ಹೀಗೆ ಆ ಪತ್ರ ಸೋರುವ ಮಾಳಿಗೆಯ ನೀರಿನ ಹಾಗೆ ಇಳಿದು ಇಳಿದು ನನ್ನ ತಲೆಯ ಮೇಲೆ ಬಿತ್ತು.

ಆ ಹೊತ್ತಿಗೆ ನನ್ನ ಮೇಜಿನ ಖಾನೆಯಲ್ಲಿ ಒಂದು ನಕಾಶೆ ಇತ್ತು. ಅದರ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಇಜೇರಿಯ ಆಚೆಗೆ ಒಂದು ಹೊಸ ರಸ್ತೆ ಆಗಬೇಕಿತ್ತು. ಹಳೆಯ ಬಂಡಿ ಹಾದಿ ಸುತ್ತಿ ಬಳಸಿ ಒಂದು ಸಣ್ಣ ಊರಿನ ಅಗಸಿ ಬಾಗಿಲ ಮುಂದೆ ಹಾದು ಹೋಗುತ್ತಿತ್ತು. ನಾನು ಸ್ಕೇಲ್ ಇಟ್ಟು ಈ ತುದಿಯಿಂದ ಆ ತುದಿಗೆ ಒಂದೇ ಗೆರೆ ಎಳೆದೆ. ಗೆರೆ ಬಹಳ ಚೆಂದ ಬಂತು. ಊರು ಮಾತ್ರ ಒಂದೂವರೆ ಮೈಲಿ ಬದಿಗೆ ಉಳಿಯಿತು.

ಆ ಊರು ನನ್ನ ಹೆಂಡತಿ ನೀಲಮ್ಮನ ತವರು. ಊರಿನ ಹೆಸರು ಹಾಕುವುದಿಲ್ಲ. ಹಾಕಿದರೆ ಮತ್ತೊಂದು ಪಂಚಾಯಿತಿ ಕೂಡುತ್ತದೆ. ನನ್ನ ಮಾವ ಆ ಊರಿನ ಹಿರಿಯ. ಸುದ್ದಿ ಕೇಳಿ ಜೇವರ್ಗಿಗೆ ಬಂದು ನನ್ನ ಎದುರಿಗೆ ಕೂತರು.

"ಅಳಿಯಂದ್ರ, ನನ್ನ ಮನಿ ಮುಂದ ರಸ್ತೆ ಬ್ಯಾಡ್ರಿ. ಊರ ಮುಂದ ಬರ್ಲಿ. ಮಳಿಗಾಲದಾಗ ಎರಿ ಮಣ್ಣಿನ ಕೆಸರಾಗ ಒಂದೂವರೆ ಮೈಲಿ ಅಂದ್ರ ಏನಂತ ತಿಳಿದೀರಿ? ಸಾಲಿಗಿ ಹೋಗೋ ಹುಡುಗ್ಯಾರು ಚಪ್ಪಲಿ ಕೈಯಾಗ ಹಿಡಕೊಂಡು ಹೋಗಬೇಕು. ಬಸ್ ಬರಲಾರದ ಊರಿಗಿ ಹೆಣ್ಣು ಯಾರು ಕೊಡ್ತಾರ?"

"ಮಾವಾರ, ರಸ್ತಿ ನೆಟ್ಟಗಿರಬೇಕು. ಅದು ಶಾಸ್ತ್ರ. ನಾಳೆ ಮಾವನ ಮನಿಗೋಸ್ಕರ ರಸ್ತಿ ಸೊಂಟಾ ಮುರಿದಾನ ಅಂತ ಮಂದಿ ಅಂತಾರ. ನನ್ನ ನೌಕರಿ ಹೋಗ್ತದ."

ಮಾವ ಎದ್ದು ರುಮಾಲು ಕೊಡವಿ ಹೋದರು. ಅವತ್ತಿನಿಂದ ನನ್ನ ಜೊತೆ ಮಾತು ಬಂದ್. ಪಂಚಮಿಗೆ ಹೋದಾಗ ಅಗಸಿ ಒಳಗೆ ಕಾಲಿಟ್ಟರೆ ಇಡೀ ಓಣಿ ಬೇರೆ ಕಡೆ ನೋಡುತ್ತಿತ್ತು. ಊಟಕ್ಕೆ ಕೂತಾಗ ಮಾವ ನನ್ನ ತಾಟನ್ನು ನೋಡಿ ಮಗಳಿಗೆ ಹೇಳುತ್ತಿದ್ದರು: "ಕೇಳವ್ವ ನಿನ್ನ ಗಂಡಗ, ಇನ್ನೊಂದು ರೊಟ್ಟಿ ಬೇಕೇನಂತ." ನಾನು ಅವರಿಂದ ಎರಡು ಮೊಳ ದೂರದಲ್ಲಿದ್ದೆ.

ನಕಾಶೆಗೆ ನನ್ನ ಸಹಿ ಬೀಳುವುದೊಂದೇ ಬಾಕಿ. "ಕೊರಿಯಾದಿಂದ ಬಂದ ಕೂಡಲೇ ಸಹಿ ಹಾಕಿ ಕಳಸ್ರಿ" ಎಂದರು ಸಾಹೇಬರು. ಹೊರಡುವ ದಿನ ನೀಲಮ್ಮ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಟ್ಟು ಹೇಳಿದಳು: "ರೀ, ನೀವು ಹೋಗಿ ಬರೋದ್ರೊಳಗ ಆ ಗೆರಿ ಬಗ್ಗಲಿಲ್ಲಂದ್ರ, ಬಂದ ಮ್ಯಾಲ ಬಸ್ ಸ್ಟ್ಯಾಂಡ್ ಖಾನಾವಳಿಯೊಳಗ ಊಟದ ವ್ಯವಸ್ಥಾ ಮಾಡಿಕೋರಿ." ಇಂಥ ಆಶೀರ್ವಾದ ತೆಗೆದುಕೊಂಡು ನಾನು ವಿದೇಶಕ್ಕೆ ಹೊರಟೆ.

ಸೋಲ್

ವಿಮಾನ ನಿಲ್ದಾಣದಲ್ಲಿ, ಬೇರೆ ಬೇರೆ ದೇಶಗಳಿಂದ ತರಬೇತಿಗೆ ಬಂದ ನಮಗಾಗಿ ಕಾಯುತ್ತಿದ್ದವರು ಪಾರ್ಕ್ ಎಂಬ ದುಭಾಷಿ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಚುರುಕು ನಡಿಗೆ, ಕೈಯಲ್ಲಿ ಸದಾ ಒಂದು ಕೊಡೆ. ನಮ್ಮ ಕಡೆ ಸಾಲಿ ಕಲಿಸುವವರನ್ನು ಬಾಯಾರು ಎನ್ನುತ್ತೇವಲ್ಲ, ಹಾಗೆ ನಾನು ಅವರನ್ನು ಪಾರ್ಕ್ ಬಾಯಾರು ಎಂದೇ ಕರೆದೆ. ಅವರು ಮಾತಾಡಿದ್ದು ಇಂಗ್ಲಿಷ್. ನಾನು ಮಾತಾಡಿದ್ದೂ ಇಂಗ್ಲಿಷ್ ಎಂದೇ ನನ್ನ ನಂಬಿಕೆ. ಆದರೆ ಅವರ ಮಾತನ್ನು ಇಲ್ಲಿ ನಮ್ಮ ಕನ್ನಡದಲ್ಲೇ ಬರೆಯುತ್ತೇನೆ, ಯಾಕೆಂದರೆ ನನ್ನ ತಲೆಯೊಳಗೆ ಅದು ಹಾಗೆಯೇ ಇಳಿಯುತ್ತಿತ್ತು.

ಮೊದಲ ದಿನವೇ ಊಟದ ಫಜೀತಿ. ನಾವು ಲಿಂಗ ಕಟ್ಟಿಕೊಂಡ ಮಂದಿ, ಮಾಂಸ ಮುಟ್ಟುವವರಲ್ಲ. ಹೋಟೆಲಿನ ಮುದುಕಿ ಒಂದು ಬಟ್ಟಲು ತಂದು ಇಟ್ಟಳು. ಇದರಲ್ಲಿ ಮಾಂಸ ಇದೆಯೇ ಎಂದು ಕೈಸನ್ನೆ, ಬಾಯಿಸನ್ನೆ, ಕೊನೆಗೆ ಕೋಳಿಯ ಹಾಗೆ ರೆಕ್ಕೆ ಬಡಿದು ಕೇಳಿದೆ. "ಆನಿ" ಎಂದಳು. ನಮ್ಮದು ಮಹಾರಾಷ್ಟ್ರದ ಗಡಿ. ಮರಾಠಿಯಲ್ಲಿ 'ಆಣಿ' ಎಂದರೆ 'ಮತ್ತು'. ಮತ್ತು ಏನು ಎಂದು ನಾನು ಕಾದೆ. ಆಕೆ "ಆನಿ, ಆನಿ" ಎಂದು ಎರಡು ಸಲ ಹೇಳಿ ಸುಮ್ಮನಾದಳು. ಪಟ್ಟಿ ಇನ್ನೂ ಉದ್ದ ಇದೆ, ಹೇಳಲು ಸಂಕೋಚಪಡುತ್ತಿದ್ದಾಳೆ ಎಂದುಕೊಂಡು ನಾನು ಬಟ್ಟಲು ದೂರ ಸರಿಸಿ ಬರೀ ಅನ್ನ ತಿಂದೆ. 'ಆನಿ' ಎಂದರೆ ಅವರಲ್ಲಿ 'ಇಲ್ಲ' ಎಂದು ಪಾರ್ಕ್ ಬಾಯಾರು ಮರುದಿನ ಹೇಳಿದರು. ಆ ಬಟ್ಟಲಿನಲ್ಲಿ ಇದ್ದದ್ದು ಸೊಪ್ಪು ಮತ್ತು ಅಣಬೆಯಂತೆ. ಹೊಟ್ಟೆ ಉರಿದುಹೋಯಿತು.

ತರಬೇತಿಯಲ್ಲಿ ಮೂರು ದಿನ ಡಾಂಬರು, ಜಲ್ಲಿ, ಚರಂಡಿ. ನಾಲ್ಕನೇ ದಿನ ಹಳೆಯ ವಸ್ತುಗಳ ಸಂಗ್ರಹಾಲಯಕ್ಕೆ ಕರೆದೊಯ್ದರು. ಅಲ್ಲಿ ನನಗೆ ಮೊದಲ ಸಲ ತಿಳಿದದ್ದು, ಮೋಟಾರು ಬರುವ ಎಷ್ಟೋ ಶತಮಾನ ಮೊದಲೇ ಆ ದೇಶದವರು ರಾಜಧಾನಿಯಿಂದ ನಾಲ್ಕೂ ದಿಕ್ಕಿಗೆ ಹೆದ್ದಾರಿ ಹಾಕಿಕೊಂಡಿದ್ದರು ಎಂದು. ದಾರಿಯುದ್ದಕ್ಕೂ ಸರಕಾರಿ ಠಾಣೆಗಳು, ಠಾಣೆಯಲ್ಲಿ ಕುದುರೆಗಳು. ರಾಜನ ಕೆಲಸಕ್ಕೆ ಹೋಗುವ ಅಧಿಕಾರಿಯ ಕೈಗೆ ಒಂದು ಕಂಚಿನ ಬಿಲ್ಲೆ ಕೊಡುತ್ತಿದ್ದರಂತೆ. ಬಿಲ್ಲೆಯಲ್ಲಿ ಎಷ್ಟು ಕುದುರೆ ಕೆತ್ತಿದೆಯೋ ಅಷ್ಟು ಕುದುರೆ ಠಾಣೆಯಲ್ಲಿ ಸಿಗಬೇಕು. ನನಗೆ ನಮ್ಮ ಕಚೇರಿಯ ಜೀಪು ನೆನಪಾಯಿತು. ಅದರ ಬಾಗಿಲ ಮೇಲೆ ಸರಕಾರದ ಗುರುತು ದೊಡ್ಡದಾಗಿ ಇದೆ, ಒಳಗೆ ಡೀಸೆಲ್ ಇರುವುದಿಲ್ಲ. ತಳ್ಳುವ ನಾಲ್ಕು ಮಂದಿಯನ್ನು ಕೆತ್ತಿಸಿದ್ದರೆ ಸರಿಹೋಗುತ್ತಿತ್ತು.

ಅಲ್ಲಿಯೇ ದೂರದ ಮಾತು ಬಂತು. ಹಿಂದೆ ಅವರು ದೂರ ಅಳೆಯುತ್ತಿದ್ದದ್ದು ಮೈಲಿಯಲ್ಲಲ್ಲ, ಕಿಲೋಮೀಟರಿನಲ್ಲಲ್ಲ, 'ರೀ'ಯಲ್ಲಿ.

"ಏನಂದ್ರಿ?" ಎಂದೆ.

"ರೀ" ಎಂದರು ಪಾರ್ಕ್ ಬಾಯಾರು. "ಹತ್ತು ರೀ ಅಂದ್ರ ಸುಮಾರು ನಾಲ್ಕು ಕಿಲೋಮೀಟರ್."

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಸೀಮೆಯಲ್ಲಿ ಮಾತಿಗೆ ಒಂದು ರೀ ಹಚ್ಚದಿದ್ದರೆ ಮರ್ಯಾದೆ ಹೋಗುತ್ತದೆ. ಬರ್ರಿ, ಕೂಡ್ರಿ, ಹೌದ್ರಿ, ಇಲ್ರಿ. ಹೆಂಡತಿ ಗಂಡನನ್ನು ಕರೆಯುವುದೇ ರೀ ಎಂದು. ನಾವು ಒಂದು ದಿನಕ್ಕೆ ಆಡುವ ರೀಗಳನ್ನು ಸಾಲಾಗಿ ಜೋಡಿಸಿದರೆ ಜೇವರ್ಗಿಯಿಂದ ಆಳಂದಕ್ಕೆ ಹೋಗಿ ಬರಬಹುದು ಎಂದು ವಿವರಿಸಿದೆ. ಪಾರ್ಕ್ ಬಾಯಾರಿಗೆ ಬಹಳ ಖುಷಿಯಾಯಿತು. ಅವತ್ತು ಸಂಜೆಯವರೆಗೆ ನಾನು ಅವರಿಗೆ ಕನ್ನಡದ ಪಾಠ ಮಾಡಿದೆ. "ಬರ್ರಿ ಅಂದ್ರ ಬರೋದು. ಹೋಗ್ರಿ ಅಂದ್ರ ಹೋಗೋದು. ಇರ್ರಿ ಅಂದ್ರ ಅಲ್ಲೇ ನಿಂದ್ರೋದು, ಕಾಯೋದು." ಅವರು ಪುಸ್ತಕದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದರು. ಈ ಪಾಠವೇ ಮುಂದೆ ನನಗೆ ತಿರುಗಿ ಬಿತ್ತು.

ಘಾಟಿನ ಮೊದಲ ಬಾಗಿಲು

ಐದನೇ ದಿನ ಬಸ್ಸಿನಲ್ಲಿ ದಕ್ಷಿಣಕ್ಕೆ, ಮುಂಗ್ಯೋಂಗ್ ಎಂಬ ಸೀಮೆಗೆ. ರಾಜಧಾನಿಯಿಂದ ದಕ್ಷಿಣದ ಸಮುದ್ರ ತೀರಕ್ಕೆ ಹೋಗುತ್ತಿದ್ದ ಹಳೆಯ ಹೆದ್ದಾರಿ ಇಲ್ಲಿ ಒಂದು ಘಾಟನ್ನು ಹತ್ತಿ ಇಳಿಯುತ್ತದೆ. ಘಾಟಿನ ಹೆಸರು ಸೇಜೆ, ಹಕ್ಕಿಗಳೂ ದಣಿದು ಕೂಡುವಂಥ ಕಣಿವೆ ಎಂದು ಅರ್ಥ ಹೇಳುತ್ತಾರೆ. ಈಗ ಅಲ್ಲಿ ಮೋಟಾರು ಓಡುವುದಿಲ್ಲ, ಕಾಲ್ನಡಿಗೆಗಷ್ಟೇ ಉಳಿಸಿದ್ದಾರೆ. ಮೂರು ಕಲ್ಲಿನ ಕೋಟೆ ಬಾಗಿಲು ದಾಟಿ ನಡೆದು ಹೋಗಬೇಕು.

ಮೊದಲ ಬಾಗಿಲಲ್ಲಿ ನಮಗೆ ದಾರಿ ತೋರಿಸಲು ಕಿಮ್ ಎಂಬ ಹಿರಿಯರು ಬಂದರು. ಎಪ್ಪತ್ತು ದಾಟಿದ ಅಜ್ಜ. ಅಲ್ಲಿಯ ಅರ್ಧ ಮಂದಿಯ ಹೆಸರು ಕಿಮ್, ಆದ್ದರಿಂದ ಹೆಸರು ಬರೆದರೂ ಗುಟ್ಟು ಬಯಲಾದೀತು ಎಂಬ ಭಯವಿಲ್ಲ. ಅಜ್ಜ ಬಿಳಿ ಕ್ಯಾಪ್ ಹಾಕಿಕೊಂಡು, ಒಂದು ಕೋಲು ಹಿಡಿದು, ನಮ್ಮೆಲ್ಲರಿಗಿಂತ ಜೋರಾಗಿ ನಡೆಯುತ್ತಿದ್ದರು. ಕನ್ನಡವಂತೂ ಇರಲಿ, ಇಂಗ್ಲಿಷಿನ ಒಂದು ಅಕ್ಷರವೂ ಅವರಿಗೆ ಬಾರದು.

ಹಾದಿಯ ಪಕ್ಕದಲ್ಲಿ ಮರದ ಕಂಬಗಳು ನಿಂತಿದ್ದವು. ಕಣ್ಣು ಹೊರಗೆ ಬಂದಿವೆ, ಹಲ್ಲು ಕಿಸಿದಿವೆ. ಯಾವುದೋ ಊರಮ್ಮ ಇರಬೇಕೆಂದು ನಾನು ಚಪ್ಪಲಿ ಬಿಟ್ಟು ಕೈ ಮುಗಿದೆ. ಅಜ್ಜ ಬಹಳ ಗಂಭೀರವಾಗಿ ನನ್ನ ಪಕ್ಕ ನಿಂತು ತಾವೂ ಬಾಗಿದರು. ಆಮೇಲೆ ಪಾರ್ಕ್ ಬಾಯಾರು ಬಂದು, ಇದು ಊರನ್ನೂ ಕಾಯುತ್ತದೆ, ಇಂಥ ಊರಿಗೆ ಇಷ್ಟು ರೀ ಎಂದು ದೂರವನ್ನೂ ಹೇಳುತ್ತದೆ ಎಂದರು. ಅಂದರೆ ನಾನು ಕೈ ಮುಗಿದದ್ದು ಮೈಲಿಗಲ್ಲಿಗೆ. ರಸ್ತೆ ಕೆಲಸದವನು ಮೈಲಿಗಲ್ಲಿಗೆ ಕೈ ಮುಗಿದರೆ ತಪ್ಪೇನೂ ಇಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಾಹೇಬರು ಇನ್ಸ್‌ಪೆಕ್ಷನ್ನಿಗೆ ಬಂದಾಗ ಅವರ ಮುಖವೂ ಸರಿಸುಮಾರು ಹೀಗೆಯೇ ಇರುತ್ತದೆ, ಅವರಿಗೂ ಕೈ ಮುಗಿಯುತ್ತೇವೆ.

ಆ ಕಾಲದಲ್ಲಿ ದಕ್ಷಿಣದ ಹುಡುಗರು ಸರಕಾರಿ ನೌಕರಿಯ ಪರೀಕ್ಷೆ ಬರೆಯಲು ರಾಜಧಾನಿಗೆ ನಡೆದು ಹೋಗಬೇಕಿತ್ತಂತೆ. ಗುಡ್ಡ ದಾಟಲು ಬೇರೆ ಘಾಟುಗಳೂ ಇದ್ದವು. ಆದರೆ ಒಂದರ ಹೆಸರಿನಲ್ಲಿ ಎಲೆ ಉದುರುವ ಅರ್ಥ, ಇನ್ನೊಂದರಲ್ಲಿ ಜಾರಿ ಬೀಳುವ ಅರ್ಥ. ಪರೀಕ್ಷೆಗೆ ಹೋಗುವವರು ಅಲ್ಲಿ ಕಾಲಿಡುತ್ತಿರಲಿಲ್ಲ. ಮುಂಗ್ಯೋಂಗ್ ಎಂದರೆ ಒಳ್ಳೆಯ ಸುದ್ದಿ ಕೇಳುವುದು, ಅದಕ್ಕೇ ಸುತ್ತಾದರೂ ಎಲ್ಲರೂ ಇಲ್ಲಿಂದಲೇ.

"ಎಷ್ಟೋ ದಿನದ ಹಾದಿ ಸುತ್ತು ಹಾಕಿ, ಬರೀ ಹೆಸರಿಗೋಸ್ಕರ?" ಎಂದು ನಾನು ಪಾರ್ಕ್ ಬಾಯಾರನ್ನು ಕೇಳಿದೆ. "ನೆಟ್ಟಗೆ ಹೋಗೋದು ಬಿಟ್ಟು? ಎಂಥಾ ಹುಚ್ಚು ಮಂದಿರಿ!"

ಹೇಳಿದ ಮೇಲೆ ನೆನಪಾಯಿತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ನಾನು ಮಣ್ಣೂರಿನಿಂದ ನೆಟ್ಟಗೆ ಅಫಜಲಪುರಕ್ಕೆ ಹೋಗಿರಲಿಲ್ಲ. ಘತ್ತರಗಿಗೆ ಹೋಗಿ ಭಾಗ್ಯವಂತಿ ತಾಯಿಯ ಗುಡಿಯಲ್ಲಿ ಕಾಯಿ ಒಡೆಸಿ, ಹಾಲ್ ಟಿಕೆಟ್ಟನ್ನು ಗುಡಿಯ ಹೊಸ್ತಿಲಿಗೆ ಮುಟ್ಟಿಸಿ, ಆಮೇಲೆ ಹೋಗಿದ್ದೆ. ಗಣಿತದಲ್ಲಿ ಹೇಗೋ ದಾಟಿದೆ. ಈ ಸಂಗತಿಯನ್ನು ಪಾರ್ಕ್ ಬಾಯಾರಿಗೆ ಹೇಳಲಿಲ್ಲ.

ತಿರುವಿನ ಹಿಂದೆ

ಎರಡನೇ ಬಾಗಿಲು ದಾಟಿದ ಮೇಲೆ ನಾನು ಹಿಂದೆ ಬಿದ್ದೆ. ಕಾರಣ ಒಂದು ಮೋರಿ. ಹಾದಿಗೆ ಅಡ್ಡ ಬಂದ ಹಳ್ಳದ ನೀರನ್ನು ಕಲ್ಲು ಜೋಡಿಸಿ ಎಷ್ಟು ಹದವಾಗಿ ದಾಟಿಸಿದ್ದರೆಂದರೆ, ನಾನು ಸಾಷ್ಟಾಂಗ ಬೀಳದೆ ಇದ್ದದ್ದೇ ಹೆಚ್ಚು. ನಾನು ಕಟ್ಟಿಸಿದ ಮೋರಿ ಭೀಮಾ ನದಿಗೆ ನೀರು ಬಂದ ಮೊದಲ ವರ್ಷವೇ ಮಾಯವಾಗಿತ್ತು. ಎಲ್ಲಿ ಹೋಯಿತೆಂದು ಇನ್ನೂ ಪತ್ತೆಯಿಲ್ಲ. ಕುಕ್ಕರಗಾಲಲ್ಲಿ ಕೂತು ಗೇಣು ಹಾಕಿ ಅಳೆಯುತ್ತಿದ್ದಾಗ ಮುಂದಿನ ತಿರುವಿನ ಆಚೆಯಿಂದ ಕಿಮ್ ಅಜ್ಜನ ದನಿ ಕೇಳಿತು.

"ಇರೀ! ಇರೀ!"

ನನ್ನ ಕಿವಿ ನಿಗುರಿತು. ಮರದ ಸಾಲಿನಿಂದ ಆಚೆ ಏನೂ ಕಾಣುತ್ತಿರಲಿಲ್ಲ. ಮತ್ತೆ ಕೂಗಿದರು: "ಇರೀ!" ಹಿಂದೆ ಇನ್ನೇನೋ ಬಾಲ ಇತ್ತು, ಅದು ಗಾಳಿಯಲ್ಲಿ ತೇಲಿ ಹೋಯಿತು.

ನನ್ನ ಕಣ್ಣಲ್ಲಿ ನೀರು ಬಂದವು. ಆಹಾ, ಏನು ಸಂಸ್ಕಾರ! ಪಾರ್ಕ್ ಬಾಯಾರು ಕಲಿತ ಕನ್ನಡವನ್ನು ಅಜ್ಜನಿಗೂ ಕಲಿಸಿದ್ದಾರೆ. ಸಾವಿರಾರು ಮೈಲಿ ದೂರದಲ್ಲಿ ಒಬ್ಬ ಹಿರಿಯರು ನನ್ನನ್ನು ರೀ ಹಚ್ಚಿ ಮಾತಾಡಿಸುತ್ತಿದ್ದಾರೆ. ಮುಂದೆ ಏನೋ ಅಪಾಯ ಇದೆ, ಅಲ್ಲೇ ಇರ್ರಿ ಎನ್ನುತ್ತಿದ್ದಾರೆ. ಹಾವೋ, ಹಂದಿಯೋ, ಗುಡ್ಡ ಕುಸಿದಿದೆಯೋ. ನಾನು ಎದೆ ತುಂಬಿ ಕೂಗಿದೆ: "ಆತ್ರಿ ಅಜ್ಜಾರ! ಇಲ್ಲೇ ಇರ್ತೇನಿ!"

"ಇರೀ!" ಎಂದು ಅವರೂ ಕೂಗಿದರು.

"ಇದ್ದೇನಿ!" ಎಂದು ನಾನೂ ಕೂಗಿದೆ.

ಆಮೇಲೆ ಎಲ್ಲಾ ಶಾಂತವಾಯಿತು. ನಾನು ಒಂದು ಕಲ್ಲು ನೋಡಿ ಕೂತೆ. ಸರಕಾರಿ ನೌಕರನಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ರೊಟ್ಟಿ ತಿಂದೆ. ಶೇಂಗಾ ಹಿಂಡಿ ಮುಗಿಸಿದೆ. ಅಳಿಲೊಂದು ಬಂದು ನೋಡಿ ಹೋಯಿತು. ಒಂದು ತಾಸಾದ ಮೇಲೆ, ಪಾಪ, ಆ ಮಂದಿಗೆ ಏನಾಗಿದೆಯೋ ಎಂದು ಜೀವ ಹೊಡೆದುಕೊಳ್ಳತೊಡಗಿತು. ಆದರೂ ಹಿರಿಯರ ಮಾತು ಮೀರಬಾರದೆಂದು ಏಳಲಿಲ್ಲ.

ಕೊನೆಗೆ ಪಾರ್ಕ್ ಬಾಯಾರು ಓಡುತ್ತ ಬಂದರು, ಹಿಂದೆ ಕೋಲು ಊರುತ್ತ ಕಿಮ್ ಅಜ್ಜ. ಬಾಯಾರ ಮುಖ ಕೆಂಪಗಾಗಿತ್ತು.

"ಯಾಕ್ರಿ ಇಲ್ಲೇ ಕೂತೀರಿ? ಅಜ್ಜಾರು ಎಷ್ಟು ಸಲ ಕರೆದರು!"

"ಇರ್ರಿ ಅಂದ್ರಲ್ರಿ? ಅದಕ್ಕ ಇದ್ದೇನಿ!"

ಪಾರ್ಕ್ ಬಾಯಾರು ಕೊಡೆಯನ್ನು ನೆಲಕ್ಕೆ ಊರಿ, ಅಲ್ಲೇ ಕೂತು, ನಗತೊಡಗಿದರು. ಕೊರಿಯಾದ ಮಾತಿನಲ್ಲಿ 'ಇರೀ' ಎಂದರೆ 'ಇತ್ತ ಕಡೆ'. ಅಜ್ಜ ಕೂಗಿದ್ದು "ಇತ್ತ ಬರ್ರಿ" ಎಂದು. ಅವರು ಕರೆದಷ್ಟೂ ನಾನು ಗಟ್ಟಿಯಾಗಿ ಕೂತಿದ್ದೆ. ನಾನು ಉತ್ತರ ಕೊಟ್ಟದ್ದರಿಂದ ಬರುತ್ತಿದ್ದೇನೆಂದು ತಿಳಿದು ಅವರೂ ಮುಂದೆ ಹೋಗಿದ್ದರು. ಕೆಳಗೆ ಬಸ್ಸಿನ ಹತ್ತಿರ ತಲೆ ಎಣಿಸಿದಾಗ ಒಂದು ತಲೆ ಕಡಿಮೆ. ಬಸ್ಸು ಉಳಿದವರನ್ನು ಕರೆದುಕೊಂಡು ಹೋಟೆಲಿಗೆ ಹೋಯಿತು, ಈ ಇಬ್ಬರು ಗುಡ್ಡ ಹತ್ತಿ ವಾಪಸ್ ಬಂದಿದ್ದರು.

ವಿಷಯ ತಿಳಿದಾಗ ಅಜ್ಜ ನಗಲಿಲ್ಲ. ನನ್ನ ಹೆಗಲ ಮೇಲೆ ಕೈ ಇಟ್ಟು ಏನೋ ಅಂದರು. "ನನ್ನ ಮಾತು ಇಷ್ಟು ಚಂದ ಕೇಳಿದವ್ರು ನೀವೊಬ್ಬರೇ, ನನ್ನ ಮಕ್ಕಳೂ ಕೇಳಿಲ್ಲ ಅನ್ನಾಕತ್ತಾರ" ಎಂದರು ಪಾರ್ಕ್ ಬಾಯಾರು.

ಅಜ್ಜಿಯ ಅಂಗಡಿ

ಮೂವರೂ ನಡೆದೆವು. ಇನ್ನೆಷ್ಟು ದೂರ ಎಂದು ಕೇಳಿದರೆ ಅಜ್ಜ "ಸಿಮ್ನಿ" ಎನ್ನುತ್ತಿದ್ದರು. ಹತ್ತು ರೀ ಎನ್ನುವುದು ಅವರ ಬಾಯಲ್ಲಿ ಹಾಗಾಗುತ್ತದೆ. ಅರ್ಧ ತಾಸು ಬಿಟ್ಟು ಕೇಳಿದರೂ ಸಿಮ್ನಿ, ಮತ್ತೆ ಅರ್ಧ ತಾಸು ಬಿಟ್ಟು ಕೇಳಿದರೂ ಸಿಮ್ನಿ. ನಮ್ಮಲ್ಲಿ ದಾರಿ ಕೇಳಿದರೆ "ಇಲ್ಲೇ ಅದರಿ, ಒಂದು ಬೀಡಿ ಸೇದೋದ್ರೊಳಗ" ಎಂದು ಹೇಳಿ ಹರದಾರಿ ನಡೆಸುತ್ತಾರಲ್ಲ, ಅದೇ ಜಾತಿ. ಇದೊಂದು ವಿಷಯದಲ್ಲಿ ಎರಡೂ ದೇಶಗಳಿಗೆ ಏನೂ ವ್ಯತ್ಯಾಸವಿಲ್ಲ.

ಮರದ ನೆರಳಲ್ಲಿ ಒಬ್ಬ ಅಜ್ಜಿಯ ಗುಡಿಸಲಂಗಡಿ ಸಿಕ್ಕಿತು. ತಿನ್ನಲು ಕಂದು ಬಣ್ಣದ, ಗಡಗಡ ನಡುಗುವ ಒಂದು ಪದಾರ್ಥ ಕೊಟ್ಟಳು. ಕಾಡಿನ ಮರದ ಕಾಯಿ ಬೀಸಿ ಕುದಿಸಿ ಮಾಡಿದ್ದಂತೆ, ಮಾಂಸ ಇಲ್ಲ. ನಾನೇ ಮುಂದಾಗಿ "ಆನಿ?" ಎಂದು ಕೇಳಿ ಖಾತ್ರಿ ಮಾಡಿಕೊಂಡೆ. ಆಮೇಲೆ ಕೆಟಲಿಯಿಂದ ಬಟ್ಟಲಿಗೆ ಬೆಳ್ಳಗೆ ಏನೋ ಸುರಿದಳು. ನೋಡಿದ ಕೂಡಲೇ ಗುರುತು ಹಿಡಿದೆ. ಮಜ್ಜಿಗೆ! ಊರು ಬಿಟ್ಟಾಗಿನಿಂದ ಮಜ್ಜಿಗೆಯ ಮುಖ ನೋಡಿರಲಿಲ್ಲ. ಒಂದೇ ಉಸಿರಿಗೆ ಒಂದು ಬಟ್ಟಲು ಎತ್ತಿದೆ. ಸ್ವಲ್ಪ ಹುಳಿ ಜಾಸ್ತಿಯಾಗಿತ್ತು, ನಿನ್ನೆಯದಿರಬೇಕು ಎಂದುಕೊಂಡೆ. ಎರಡನೆಯದೂ ಆಯಿತು. ಮೂರನೆಯದು ಅರ್ಧವಾದಾಗ, ಇದಕ್ಕೆ ಜೀರಿಗೆ ಹಾಕುತ್ತೀರೋ ಇಲ್ಲವೋ ಎಂದು ಕೇಳಿದೆ.

"ಇದು ಮಜ್ಜಿಗಿ ಅಲ್ರಿ" ಎಂದರು ಪಾರ್ಕ್ ಬಾಯಾರು. "ಅಕ್ಕಿ ಕೊಳೆಹಾಕಿ ಮಾಡಿದ ದಾರೂ."

ಶಿವನೇ! ನಾನು ಕೊರಳಲ್ಲಿದ್ದ ಲಿಂಗವನ್ನು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದೆ. ತಿಳಿಯದೆ ಕುಡಿದದ್ದು ಎರಡೂವರೆ ಬಟ್ಟಲು, ಅದು ಕ್ಷಮೆಗೆ ಬರುತ್ತದೆ. ಉಳಿದ ಅರ್ಧ ಬಟ್ಟಲನ್ನು ತಿಳಿದು ಬಿಟ್ಟೆ. ಬಿಡುವಾಗ ಸ್ವಲ್ಪ ಸಂಕಟವಾದದ್ದು ಸುಳ್ಳಲ್ಲ.

ಅಷ್ಟರಲ್ಲಿ ಅದು ತನ್ನ ಕೆಲಸ ಶುರು ಮಾಡಿತ್ತು. ನಾಲಿಗೆಯ ಗಂಟು ಬಿಚ್ಚಿತು. ಯಾರೂ ಕೇಳದಿದ್ದರೂ ನಾನು ಕಿಮ್ ಅಜ್ಜನಿಗೆ ನನ್ನ ಗೆರೆಯ ಪ್ರತಾಪ ಹೇಳತೊಡಗಿದೆ. ಅಜ್ಜನ ಕೋಲು ಇಸಕೊಂಡು ಮಣ್ಣಲ್ಲಿ ಬರೆದು ತೋರಿಸಿದೆ. ಇದು ಹಳೆಯ ಬಂಡಿ ಹಾದಿ, ಹಾವಿನ ಹಾಗೆ. ಇದು ನನ್ನ ರಸ್ತೆ, ಬಾಣದ ಹಾಗೆ. "ನಮ್ಮ ಹಿರೇರು ಬಾವಿ ಕಂಡಲ್ಲಿ ಬಗ್ಗಿಸಿದಾರ, ಊರು ಕಂಡಲ್ಲಿ ಬಗ್ಗಿಸಿದಾರ. ನಾ ಯಾರ ಮಾತೂ ಕೇಳಲಿಲ್ರಿ. ಖುದ್ದ ಮಾವನ ಮಾತೂ ಕೇಳಲಿಲ್ಲ!" ಎಂದು ಎದೆ ತಟ್ಟಿಕೊಂಡೆ.

ಅಜ್ಜ ಮಣ್ಣಿನ ನಕಾಶೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೋಲು ವಾಪಸ್ ತೆಗೆದುಕೊಂಡು ಎದ್ದು, "ಇರೀ" ಎಂದರು. ಈ ಸಲ ನಾನು ತಪ್ಪದೆ ಹಿಂದೆ ಹೋದೆ.

ಒಲೆಯ ಕಲ್ಲುಗಳು

ಹಾದಿಯಿಂದ ಸ್ವಲ್ಪ ಒಳಗೆ, ಹುಲ್ಲಿನ ನಡುವೆ, ಒಂದು ಪಾಳು ಬಿದ್ದ ಜಾಗ. ಗೋಡೆಯ ಬುನಾದಿ ಇಷ್ಟೇ ಇಷ್ಟು ಉಳಿದಿತ್ತು. ಒಂದು ಮೂಲೆಯಲ್ಲಿ ಕಪ್ಪಾದ ಮೂರು ಕಲ್ಲು. ಅಜ್ಜ ಅವುಗಳ ಹತ್ತಿರ ಕೂತು ಪಾರ್ಕ್ ಬಾಯಾರಿಗೆ ಹೇಳಿದರು, ಬಾಯಾರು ನನಗೆ ಹೇಳಿದರು.

ಅದು ಅಜ್ಜನ ತಾಯಿ ನಡೆಸುತ್ತಿದ್ದ ಖಾನಾವಳಿ. ಘಾಟು ಹತ್ತುವವರು, ಇಳಿಯುವವರು, ಎತ್ತಿನ ವ್ಯಾಪಾರಿಗಳು, ಉಪ್ಪು ಹೊತ್ತವರು, ಎಲ್ಲರೂ ಅಲ್ಲಿ ಉಂಡು ಹೋಗುತ್ತಿದ್ದರು. ಅಜ್ಜ ಹತ್ತು ವರ್ಷದ ಹುಡುಗನಿದ್ದಾಗ ದೇಶ ಜಪಾನಿನವರ ಕೈಯಲ್ಲಿತ್ತು. ಅವರು ಪಕ್ಕದ ಗುಡ್ಡದ ಮೇಲೆ ಮೋಟಾರಿಗೆ ಹೊಸ ರಸ್ತೆ ಮಾಡಿದರು. ಒಂದು ಋತು ಕಳೆಯುವುದರೊಳಗೆ ಈ ಹಾದಿಯಲ್ಲಿ ನಡೆಯುವವರು ನಿಂತುಹೋದರು.

"ಅಜ್ಜಾರ ತಾಯಿ ಒಂದು ವರ್ಷ ಮಟ ದಿನಾ ಸಂಜೀಕ ಹತ್ತು ಮಂದಿಗಿ ಆಗೋವಷ್ಟು ಅನ್ನ ಮಾಡ್ತಿದ್ರಂತ್ರಿ" ಎಂದರು ಪಾರ್ಕ್ ಬಾಯಾರು. "ಮನ್ಯಾಗಿದ್ದದ್ದು ಮೂರು ಮಂದಿ. ಯಾಕವ್ವಾ ಅಂತ ಕೇಳಿದ್ರ, ಯಾರಾದ್ರೂ ಬಂದ್ರ ಅಂತಿದ್ರಂತ. ಯಾರೂ ಬರಲಿಲ್ಲ."

ನನ್ನ ನಶೆ ಅರ್ಧ ಇಳಿಯಿತು. ಏನಾದರೂ ಮಾತಾಡಬೇಕಲ್ಲ ಎಂದು, "ಆ ಗೆರಿ ಎಳದವ್ರು ಯಾರಂತ?" ಎಂದು ಕೇಳಿದೆ.

ಅಜ್ಜ ಕೈ ಆಡಿಸಿದರು. ಯಾರೋ ದೊಡ್ಡ ಊರಿನ ಕಚೇರಿಯವನು. ಈ ಕಡೆ ಒಂದು ಸಲವೂ ಬಂದವನಲ್ಲ. ಆಮೇಲೆ ನನ್ನ ಕಡೆ ತಿರುಗಿ ಏನೋ ಕೇಳಿದರು. ಪಾರ್ಕ್ ಬಾಯಾರು ಸ್ವಲ್ಪ ಹಿಂಜರಿದು ಹೇಳಿದರು: "ನಿಮ್ಮ ಆ ಊರಿಗಿ ನೀವು ಹೋಗೀರೇನು ಅಂತ ಕೇಳಾಕತ್ತಾರ."

"ಹೋಗೇನ್ರಿ" ಎಂದೆ. "ನನ್ನ ಹೆಂಡತಿ ತವರು. ಎಲ್ಲಾರ ಮನ್ಯಾಗೂ ಹೋಳಿಗಿ ತಿಂದೇನಿ."

ಅಜ್ಜ ತಲೆ ಅಲ್ಲಾಡಿಸಿದರು. ಬೈಯುವ ದನಿಯಲ್ಲಲ್ಲ, ಹವಾಮಾನ ಹೇಳುವ ದನಿಯಲ್ಲಿ ಒಂದು ಮಾತು ಅಂದರು. ಪಾರ್ಕ್ ಬಾಯಾರು ಅದನ್ನು ಹೇಳಲೋ ಬೇಡವೋ ಎಂದು ನನ್ನನ್ನೂ ಅಜ್ಜನನ್ನೂ ನೋಡಿದರು. "ಹೇಳ್ರಿ" ಎಂದೆ.

"ನಮ್ಮ ಗೆರಿ ಎಳದವ ನಮ್ಮವ್ವನ ಕೈಯಾಂದು ಉಂಡಿರಲಿಲ್ಲ ಅಂತ ಅಂದ್ರು."

ನನಗೆ ಬಹಳ ನಾಚಿಕೆಯಾಯಿತು. ಇದನ್ನು ಸುತ್ತಿ ಬಳಸಿ ಬರೆಯುವುದು ಬೇಡ. ಶಾಸ್ತ್ರ ಗೀಸ್ತ್ರ ಎಲ್ಲಾ ಸುಳ್ಳು, ಮಂದಿ ಏನನ್ನುತ್ತಾರೋ ಎಂಬ ಪುಕ್ಕಲುತನಕ್ಕೆ ನಾನು ಸ್ಕೇಲನ್ನು ಅಡ್ಡ ಹಿಡಿದಿದ್ದೆ. ಗಂಡಸಾಗಿ ಅಲ್ಲಿ ಅಳಬಾರದೆಂದು ಮೂಗು ಸೀನಿದೆ. ಅಜ್ಜ ನನಗೆ ಶೀತವಾಗಿದೆ ಎಂದು ತಿಳಿದು ತಮ್ಮ ಕ್ಯಾಪನ್ನು ತೆಗೆದು ನನ್ನ ತಲೆಗೆ ಹಾಕಿದರು.

ಮತ್ತೆ ಜೇವರ್ಗಿ

ಊರಿಗೆ ಬಂದ ಮರುದಿನವೇ ಖಾನೆಯಿಂದ ನಕಾಶೆ ತೆಗೆದೆ. ಗೆರೆ ಬಗ್ಗಿಸಿದೆ. ಊರಿನ ಅಗಸಿಯ ಮುಂದೆ ತಂದೆ. ಆದರೆ ಮಂದಿಯ ಬಾಯಿ? ಅದಕ್ಕೂ ಒಂದು ಉಪಾಯ ಹೊಳೆಯಿತು. ಅಗಸಿಯ ಹತ್ತಿರ ರಸ್ತೆಗೆ ಹೇಗಿದ್ದರೂ ಯಾರದೋ ಜಾಗ ಹೋಗಲೇಬೇಕು. ಎಡಕ್ಕೆ ಬಡವರ ನಾಲ್ಕು ಮನೆ. ಬಲಕ್ಕೆ ನನ್ನ ಮಾವನ ಕಣ, ಜೋಳ ಒಕ್ಕುವ ಜಾಗ, ಸುತ್ತಲಿನ ಹಳ್ಳಿಯಲ್ಲೆಲ್ಲ ಅಂಥ ಗಟ್ಟಿ ಕಣ ಇಲ್ಲ ಎಂದು ಅವರ ಹೆಮ್ಮೆ. 'ಇರೀ' ಎಂದು ಮನಸ್ಸಿನಲ್ಲಿ ಅಂದುಕೊಂಡು ಗೆರೆಯನ್ನು ಬಲಕ್ಕೆ ಸರಿಸಿದೆ. ಕಣದ ಮಧ್ಯದಲ್ಲೇ ಹೋಯಿತು.

ಸಾಹೇಬರು ನೋಡಿ, "ಏನ್ರಿ ಇದು, ಕೊರಿಯಾದವ್ರು ಇದನ್ನ ಕಲಿಸಿದ್ರೇನು?" ಎಂದರು. "ಹೌದ್ರಿ" ಎಂದೆ. ವಿದೇಶಿ ತಂತ್ರ ಇರಬೇಕೆಂದು ಸುಮ್ಮನೆ ಮಂಜೂರು ಮಾಡಿದರು.

ಗೂಟ ಹೊಡೆಯುವ ದಿನ ನೀಲಮ್ಮನನ್ನು ಕರೆದುಕೊಂಡು ಆ ಊರಿಗೆ ಹೋದೆ. ಓಣಿಯ ಮಂದಿಯೆಲ್ಲ ಕಣದ ಸುತ್ತ ನಿಂತಿದ್ದರು. ನಾನು ನಕಾಶೆ ಬಿಚ್ಚಿ ನೆಲದ ಮೇಲೆ ಹಾಸಿದೆ. ಮಾವ ಬಗ್ಗಿ ನೋಡಿದರು. ಊರಿನ ಮುಂದೆ ರಸ್ತೆ ಬಂದದ್ದು ಕಂಡಿತು. ಅದು ಎಲ್ಲಿಂದ ಬಂತೆಂಬುದೂ ಕಂಡಿತು. ಅವರ ಮೀಸೆ ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು.

"ಕೇಳವ್ವ ನಿನ್ನ ಗಂಡಗ" ಎಂದರು ಮಗಳಿಗೆ, "ನನ್ನ ಕಣ ಬಿಟ್ಟು ಇವನಿಗಿ ಬ್ಯಾರೆ ಜಾಗಾನೇ ಸಿಗಲಿಲ್ಲೇನಂತ."

"ಕೇಳ್ಯಾರಲ್ರೀ, ಹೇಳ್ರಿ" ಎಂದಳು ನೀಲಮ್ಮ. ಅವಳ ದನಿಯಲ್ಲಿ ಬಸ್ ಸ್ಟ್ಯಾಂಡ್ ಖಾನಾವಳಿಯ ವಾಸನೆ ಬರಲಿಲ್ಲ.

"ಸಿಕ್ಕಿತ್ರಿ ಮಾವಾರ" ಎಂದೆ. "ಆ ನಾಲ್ಕು ಮನಿ ಕೆಡವಬೇಕಿತ್ತು. ನಿಮ್ಮ ಜಾಗ ತಗೊಂಡ್ರ ಅಳಿಯ ಮಾವಗ ಅನುಕೂಲ ಮಾಡಿದ ಅಂತ ಯಾರೂ ಅನ್ನಂಗಿಲ್ಲ."

ಎಲ್ಲರೂ ಮಾವನ ಮುಖ ನೋಡಿದರು. ಅವರು ಕಣದ ಮೇಲೆ ಆ ತುದಿಯಿಂದ ಈ ತುದಿಗೆ ಒಂದು ಸಲ ನಡೆದರು. ಬಗ್ಗಿ ಅಂಗೈಯಿಂದ ನೆಲ ಸವರಿದರು. ಆಮೇಲೆ ಕೂಲಿಯವನ ಕೈಯಿಂದ ಸುತ್ತಿಗೆ ಇಸಕೊಂಡು, ಗೂಟದ ಕಡೆ ತೋರಿಸಿ, ನನಗೆ ಹಿಡಿಯಲು ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಕುಕ್ಕರಗಾಲಲ್ಲಿ ಕೂತು ಗೂಟ ಹಿಡಿದೆ.

ಮೊದಲ ಏಟು ಸರಿಯಾಗಿ ಗೂಟದ ತಲೆಗೆ ಬಿತ್ತು. ಎರಡನೆಯದು ನನ್ನ ಹೆಬ್ಬೆರಳಿಗೆ ಬಿತ್ತು. ನಾನು ಅಯ್ಯಯ್ಯೋ ಎಂದು ಎದ್ದು ಒಂಟಿ ಕಾಲಲ್ಲಿ ಕುಣಿದೆ. ನೀಲಮ್ಮ ಓಡಿ ಬಂದಳು. ಮಾವ ಸುತ್ತಿಗೆ ಹೆಗಲ ಮೇಲೆ ಇಟ್ಟುಕೊಂಡು, ಆರು ತಿಂಗಳಲ್ಲಿ ಮೊದಲ ಸಲ, ನೆಟ್ಟಗೆ ನನ್ನ ಮುಖ ನೋಡಿ ಹೇಳಿದರು:

"ತಪ್ಪು ತಿಳೀಬ್ಯಾಡ್ರಿ ಅಳಿಯಂದ್ರ. ಮೊದಲ್ನೇ ಏಟು ಗುರಿ ತಪ್ಪಿತ್ತು."